ಮಗಳನ್ನ ಕಂಪನಿ ನೋಡಾಕ ಕಳಸ್ರಿ, ಆದ್ರ ಕೇಳಿ ಕಳಸ್ರಿ

ಅಕ್ಕಾರ, ತಂಗ್ಯಾರ, ಕಾಲೇಜಿಗೆ ಹೋಗೋ ಮಕ್ಕಳಿರೋ ಮನ್ಯಾಗ ವರ್ಷಕ್ಕೊಮ್ಮೆ ಈ ಮಾತು ಏಳೋದ. ಹುಡುಗುರು ಒಂದು ಒಪ್ಪಿಗಿ ಕಾಗದ ತಂದು ಅಡಗಿ ಕಟ್ಟಿ ಮ್ಯಾಲ ಇಡ್ತಾರ: "ಅವ್ವಾ, ಐ.ವಿ. ಐತಿ, ಸಹಿ ಮಾಡು." ಐ.ವಿ. ಅಂದ್ರ ಇಂಡಸ್ಟ್ರಿಯಲ್ ವಿಸಿಟ್. ಕಾಲೇಜಿನವರು ಹುಡುಗುರನ್ನ ಬಸ್ಸಿನ್ಯಾಗ ಕರಕೊಂಡು ಹೋಗಿ ಬೆಂಗಳೂರು, ಪುಣೆ ಕಡೆ ಕಂಪನಿ, ಕಾರ್ಖಾನಿ ತೋರಿಸ್ಕೊಂಡು ಬರೋದು. ಮಗ ತಂದ ಕಾಗದಕ್ಕ ಹಿಟ್ಟಿನ ಕೈ ಒರಸ್ಕೊಂಡು ಅಲ್ಲೇ ಸಹಿ ಹಾಕ್ತೇವಿ. ಮಗಳು ತಂದದ್ದು ಅಪ್ಪ ಬರೂತನಕ, ಆಮ್ಯಾಲ ಅಜ್ಜಿ ಒಪ್ಪೂತನಕ, ಕಡೀಕ ರೊಕ್ಕ ಕಟ್ಟೋ ತಾರೀಖು ದಾಟೂತನಕ ಫ್ರಿಜ್ ಮ್ಯಾಲ ಕುಂತಿರ್ತೈತಿ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡ್ತೇನಿ. ಹೆಣ್ಣಮಕ್ಕಳನ್ನ ಕಳಸಬೇಕು. ಗಂಡಹುಡುಗುರಿಗಿಂತ ಇವರಿಗೇ ಅದು ಜಾಸ್ತಿ ಬೇಕು. ಆದ್ರ ಕಾಲೇಜಿನವರು ಕೊಟ್ಟ ಕಾಗದಕ್ಕ ಕಣ್ಣ ಮುಚ್ಚಿ ಸಹಿ ಹಾಕೋದೂ ಬ್ಯಾಡ.

ಅಂಜಿಕಿ ಸುಳ್ಳಲ್ಲ, ನನಗೂ ಗೊತ್ತೈತಿ. 2014ರ ಜೂನ್ 8ಕ್ಕ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥದ್ದ ಪ್ರವಾಸಕ್ಕಂತ ಹಿಮಾಚಲಕ್ಕ ಹೋಗಿದ್ರು. ಮಂಡಿ ಜಿಲ್ಲಾದಾಗ ಬಿಯಾಸ್ ಹೊಳಿಗೆ ಇಳಿದು ಫೋಟೋ ತಗೊಳ್ಳೋ ಹೊತ್ತಿಗೆ ಮ್ಯಾಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ರು. 24 ವಿದ್ಯಾರ್ಥಿಗಳು ಹೋದ್ರು. ಆ ತಾಯಂದಿರ ಹೊಟ್ಟಿ ಉರಿ ನೆನಸಿದ್ರ ಇವತ್ತಿಗೂ ಕೈಕಾಲು ತಣ್ಣಗ ಆಗ್ತಾವ. ಆದ್ರ ಒಂದು ಮಾತು ನೋಡ್ರಿ. ಆ ಮಕ್ಕಳು ಸತ್ತಿದ್ದು ಕಾರ್ಖಾನಿ ಒಳಗಲ್ಲ, ಹೊಳಿಯಾಗ. ಕಾರ್ಖಾನಿಯೊಳಗ ಹಳದಿ ಗೆರಿ ದಾಟಬ್ಯಾಡ, ತಲಿಗೆ ಹೆಲ್ಮೆಟ್ ಹಾಕು ಅಂತ ಹೇಳವ್ರು ಇರ್ತಾರ. ಹೊಳಿ ದಂಡಿ, ಸಮುದ್ರದ ದಂಡಿಗೆ ಯಾರೂ ಇರಂಗಿಲ್ಲ. ಎರಡು ತಾಸು ಕಂಪನಿ, ಎರಡು ದಿನ ಗೋವಾ ಅಂತ ಇದ್ದದ್ದನ್ನೂ ಐ.ವಿ. ಅಂತ ಕರೀತಾರಲ್ಲ, ಅಲ್ಲೇ ನಾವು ಹುಷಾರ್ ಇರಬೇಕು. ಮಗಳನ್ನ ಮನ್ಯಾಗ ಕುಂದ್ರಿಸೋದು ಅದಕ್ಕ ಉತ್ತರ ಅಲ್ಲ.

ಹೆಣ್ಣಮಕ್ಕಳಿಗೆ ಯಾಕ ಜಾಸ್ತಿ ಬೇಕು ಅಂದೆ? ಮಗ ದಿನಾ ಗ್ಯಾರೇಜಿಗೆ ಹೋಗ್ತಾನ, ಮಾಮಾನ ವರ್ಕ್‌ಶಾಪಿನ್ಯಾಗ ಕುಂದರ್ತಾನ, ಗೋಕುಲ ರೋಡಿನ ಫ್ಯಾಕ್ಟರಿಯಾಗ ಕೆಲಸಕ್ಕ ಹೋಗೋ ಗೆಳ್ಯಾನ ಮಾತು ಕೇಳ್ತಾನ. ಮಗಳಿಗೆ ಈ ದಾರಿ ಯಾವೂ ಇಲ್ಲ. ಪುಸ್ತಕದಾಗ ಓದಿದ ಮಷೀನಿನ ಮುಂದ ತನ್ನಂಥಾಕಿ ಒಬ್ಬಾಕಿ ನಿಂತು ಕೆಲಸ ಮಾಡೋದನ್ನ ನೋಡಾಕ ಅಕಿಗೆ ಇದೊಂದ ದಿನ ಸಿಗತೈತಿ.

ಸುಧಾ ಮೂರ್ತಿಯವರ ಮಾತು ನಿಮಗೆಲ್ಲ ಗೊತ್ತು. ಹುಬ್ಬಳ್ಳಿ ಬಿ.ವಿ.ಬಿ. ಕಾಲೇಜಿನ್ಯಾಗ ಎಂಜಿನಿಯರಿಂಗ್ ಕಲ್ತಾಕಿ. 1974ರಾಗ ಟೆಲ್ಕೊ ಕಂಪನಿ ಜಾಹೀರಾತಿನ್ಯಾಗ ಹೆಣ್ಣಮಕ್ಕಳು ಅರ್ಜಿ ಹಾಕೋದು ಬ್ಯಾಡ ಅಂತಿದ್ದದ್ದನ್ನ ನೋಡಿ ಜೆ.ಆರ್.ಡಿ. ಟಾಟಾ ಅವರಿಗೇ ಪೋಸ್ಟ್‌ಕಾರ್ಡ್ ಬರೆದ್ರು. ಪುಣೆಕ್ಕ ಸಂದರ್ಶನಕ್ಕ ಕರೆದ್ರು, ಕೆಲಸಾನೂ ಸಿಕ್ತು. ಅವತ್ತು ಕಂಪನಿಯವರ ಬ್ಯಾಡ ಅಂತಿದ್ರು. ಇವತ್ತು ಅವರು ಬರ್ರಿ ಅಂತಾರ, ಬ್ಯಾಡ ಅನ್ನವ್ರು ನಾವು, ಅದೂ ಅಡಗಿ ಮನ್ಯಾಗ ನಿಂತು.

ಇನ್ನ ದೂರ ಹೋದ್ರ ಅಷ್ಟ ಕಲಿಯೋದು ಅನ್ನೋದೂ ಖರೇ ಅಲ್ಲ. ನಮ್ಮ ಹುಬ್ಬಳ್ಳಿ ಬೆಂಗೇರಿಯಾಗ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಐತಿ, 1957ರಾಗ ಹುಟ್ಟಿದ್ದು. ರಾಷ್ಟ್ರಧ್ವಜ ಮಾಡಾಕ ಅವರಿಗೆ ಬಿ.ಐ.ಎಸ್. ಪರವಾನಗಿ ಐತಿ. ಬಾಗಲಕೋಟಿ ಕಡೆ ತುಳಸಿಗೇರಿಯಾಗ ನೇಯ್ದ ಅರಿವಿ ಇಲ್ಲಿಗೆ ಬಂದು ಬಣ್ಣ, ಅಚ್ಚು, ಹೊಲಿಗಿ ಆಗ್ತೈತಿ. 6 ಇಂಚಿಗೆ 4 ಇಂಚಿಂದ ಹಿಡಿದು 21 ಫೂಟಿಗೆ 14 ಫೂಟಿನತನಕ ಒಂಬತ್ತು ಅಳತಿ. ಅಲ್ಲಿ ಕೆಲಸ ಮಾಡವ್ರು ಹೆಚ್ಚಿನವ್ರು ಹೆಣ್ಣಮಕ್ಕಳ. 2021ರ ಡಿಸೆಂಬರದಾಗ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್, ಮಷೀನಿನ ಬಾವುಟಕ್ಕೂ ಒಪ್ಪಿಗಿ ಕೊಟ್ಟಾಗ ಸಂಘದವರು ವಿರೋಧ ಮಾಡಿದ್ರು. ದಿಲ್ಲಿಯಾಗ ತಿದ್ದಿದ ಒಂದು ನಿಯಮ ಬೆಂಗೇರಿಯ ಹೊಲಿಗಿ ಮಷೀನಿನತನಕ ಹೆಂಗ ಬರತೈತಿ ಅನ್ನೋದನ್ನ ಬಿ.ಕಾಂ. ಓದೋ ಹುಡುಗಿ ಸಿಟಿ ಬಸ್ಸಿನ ಚಾರ್ಜಿನ್ಯಾಗ ಕಲ್ಕೊಂಡು ಬರಬಹುದು. ರೊಕ್ಕ ಇಲ್ಲ ಅಂತ ಹೇಳಾಕ ನಾಚಿ "ನನಗ ಹೋಗೋ ಮನಸಿಲ್ಲ" ಅನ್ನೋ ಹುಡುಗ್ಯಾರು ಎಲ್ಲಾ ಕ್ಲಾಸಿನ್ಯಾಗೂ ಇರ್ತಾರ. ಅವರ ಸಲುವಾಗಿ ಆದ್ರೂ ಕಾಲೇಜಿನವರು ಹತ್ರದ್ದೊಂದು, ದೂರದ್ದೊಂದು ಇಡಬೇಕು.

ಸಹಿ ಹಾಕೋ ಮೊದಲ ಮೂರು ಮಾತು ಕೇಳ್ರಿ. ಒಂದು, ಕಂಪನಿ ಒಳಗ ಎಷ್ಟು ತಾಸು, ಹೊರಗ ತಿರಗೋದು ಎಷ್ಟು ತಾಸು, ಕಂಪನಿಯವರು ಬರ್ರಿ ಅಂತ ಬರೆದ ಪತ್ರ ಐತೇನು? ಎರಡು, ಜೋಡಿ ಯಾವ ಮೇಡಮ್ಮಾರು ಬರ್ತಾರ, ರಾತ್ರಿ ಎಲ್ಲಿ ಇಳೀತಾರ, ಹೊಳಿ, ಸಮುದ್ರದ ಕಡೆ ಹೋಗೋದೈತೇನು? ಮೂರು, ರೊಕ್ಕ ಕಟ್ಟಾಕ ಆಗದವರಿಗೆ ಏನು ಮಾಡ್ಯಾರ? ಒಬ್ಬಾಕಿ ಕೇಳಿದ್ರ ಕಾಲೇಜಿನವರು ನಕ್ಕು ಕಳಸ್ತಾರ. ಓಣ್ಯಾಗಿನ ನಾಕು ಮಂದಿ ಕೂಡಿ ಹೋದ್ರ ಕುರ್ಚಿ ಕೊಟ್ಟು ಹೇಳ್ತಾರ.

ಮಗಳಿಗೂ ಒಂದು ಕೆಲಸ ಹಚ್ಚಿ ಕಳಸ್ರಿ. ಮಷೀನಿನ ಹೆಸರು ಅಕಿ ಹೆಂಗೂ ಬರಕೋತಾಳ. ಅಲ್ಲಿ ಹೆಣ್ಣಮಕ್ಕಳಿಗೆ ಬ್ಯಾರೆ ಶೌಚಾಲಯ ಎಷ್ಟು ದೂರ ಐತಿ ಅಂತ ನೋಡಿ ಬರಾಕ ಹೇಳ್ರಿ. ಕೂಸು ಬಿಡಾಕ ಜಾಗಾ ಐತೇನು ಅಂತ ಕೇಳಾಕ ಹೇಳ್ರಿ. 1948ರ ಕಾರ್ಖಾನೆ ಕಾಯ್ದೆದಾಗ ಬ್ಯಾರೆ ಶೌಚಾಲಯದ ಮಾತು ಆಗಲೇ ಇತ್ತು. 30ಕ್ಕಿಂತ ಜಾಸ್ತಿ ಹೆಣ್ಣಮಕ್ಕಳು ದುಡಿಯೋ ಕಡೆ ಕೂಸುಗಳಿಗೆ ಒಂದು ಕೋಲಿ ಇರಬೇಕಂತ ಆಮ್ಯಾಲ ತಿದ್ದುಪಡಿನೂ ಆಗಿತ್ತು. ಕಾಗದದ ಮ್ಯಾಲಿನ ಕೋಲಿ ಖರೇನ ಐತೋ, ಅದರಾಗ ಹಳೇ ಡಬ್ಬಿ ತುಂಬ್ಯಾರೋ ಅನ್ನೋದನ್ನ ಕಣ್ಣಾರೆ ಕಂಡು ಬಂದ ಹುಡುಗಿ, ನಾಳೆ ನೌಕರಿ ಕೇಳಾಕ ಹೋದಾಗ ಪಗಾರ ಒಂದ ಅಲ್ಲ, ಇದನ್ನೂ ಕೇಳ್ತಾಳ.

ಅಕಿ ಬಸ್ ಇಳಿದು ಮನಿಗೆ ಬಂದಾಗ "ಊಟ ಏನ್ ಕೊಟ್ರು" ಅಂತ ನಾವು ಕೇಳೇ ಕೇಳ್ತೇವಿ, ಬಿಡಂಗಿಲ್ಲ. ಅದರ ಜೋಡಿ, ಅಲ್ಲಿ ಹೆಣ್ಣಮಕ್ಕಳು ಎಷ್ಟು ಮಂದಿ ಇದ್ರು, ಯಾವ ಕೆಲಸದಾಗ ಇದ್ರು, ಸೂಪರ್ವೈಸರ್ ಆದಾಕಿ ಒಬ್ಬಾಕೆರೆ ಇದ್ಳೇನು ಅಂತಾನೂ ಕೇಳ್ರಿ. ಈ ಸಲ ನಿಮ್ಮ ಮನಿ ಫ್ರಿಜ್ ಮ್ಯಾಲ ಕಾಗದ ಕುಂತಿದ್ರ ಇವತ್ತ ತಗದು ಓದ್ರಿ, ತಾರೀಖು ದಾಟೋದ್ರೊಳಗ.