ತಾಲ್ಲೂಕು ಬಂತು, ತಾಲ್ಲೂಕಿನ ಓಟು ಎಲ್ಲಿ?

ಸಾಲಿಗ್ರಾಮ ಈಗ ಹೋಬಳಿಯಲ್ಲ, ತಾಲ್ಲೂಕು. ಅಂಗಡಿಯ ಬೋರ್ಡಿನಲ್ಲಿ, ಬಿಲ್ ಪುಸ್ತಕದಲ್ಲಿ, ಲಗ್ನಪತ್ರಿಕೆಯಲ್ಲಿ 'ಕೆ.ಆರ್. ನಗರ ತಾಲ್ಲೂಕು' ಅಂತಿದ್ದ ಜಾಗದಲ್ಲಿ ಊರಿನ ಹೆಸರೇ ಕೂತಿದೆ. ಸಂತೋಷ. ಪಹಣಿಗೊಂದು, ಜಾತಿ ಸರ್ಟಿಫಿಕೇಟಿಗೊಂದು ಅಂತ ಕೆ.ಆರ್. ನಗರದ ಬಸ್ಸು ಹತ್ತಿ ಇಳಿದು ಚಪ್ಪಲಿ ಸವೆಸಿದವರಿಗೆ ಇದು ಸಣ್ಣ ಸಂಗತಿಯೇನಲ್ಲ.

ಆದರೆ ಒಂದು ಲೆಕ್ಕ ಕೇಳಬೇಕು. ತಾಲ್ಲೂಕು ಅಂದರೆ ತಹಶೀಲ್ದಾರರ ಕಚೇರಿ ಮಾತ್ರವೇ? ತಾಲ್ಲೂಕು ಪಂಚಾಯಿತಿ ಅಂತ ಒಂದುಂಟು. ಅದಕ್ಕೆ ಜನ ಓಟು ಹಾಕಿ ಸದಸ್ಯರನ್ನು ಕಳಿಸಬೇಕು ಅಂತ ಕಾನೂನುಂಟು. ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಸಾಲಿಗ್ರಾಮ ತಾಲ್ಲೂಕು ಆದದ್ದು ಅದಾದ ಮೇಲೆ. ಅಂದರೆ ಈ ತಾಲ್ಲೂಕು ಹುಟ್ಟಿದಾಗಿನಿಂದ 2025 ಮುಗಿಯುವವರೆಗೂ ತನ್ನದೇ ತಾಲ್ಲೂಕು ಪಂಚಾಯಿತಿಗೆ ಒಂದೇ ಒಂದು ಓಟು ಹಾಕಿಲ್ಲ. ಎಚ್.ಡಿ. ಕೋಟೆಯಿಂದ ಬೇರೆಯಾದ ಸರಗೂರಿನ ಕಥೆಯೂ ಇದೇ. ಮಗು ಹುಟ್ಟಿತು, ತೊಟ್ಟಿಲು ಕಟ್ಟಿದರು, ಹೆಸರಿಡುವ ಶಾಸ್ತ್ರಕ್ಕೆ ನೆಂಟರನ್ನು ಕರೆಯುವುದನ್ನೇ ಮರೆತರು!

49ರ ಆಟ

ಆ 2016ರ ಫಲಿತಾಂಶವನ್ನು ಒಮ್ಮೆ ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಫೆಬ್ರವರಿ 23ರಂದು ಎಣಿಕೆ. ಮೈಸೂರು ಜಿಲ್ಲಾ ಪಂಚಾಯಿತಿಗೆ ಒಟ್ಟು 49 ಸ್ಥಾನ. ಕಾಂಗ್ರೆಸ್ಸಿಗೆ 22, ಜನತಾದಳ (ಜಾತ್ಯತೀತ)ಕ್ಕೆ 18, ಬಿಜೆಪಿಗೆ 8, ಪಕ್ಷೇತರ 1. ಗದ್ದುಗೆ ಹಿಡಿಯಲು 25 ಬೇಕು. ಯಾರ ಹತ್ತಿರವೂ ಇಲ್ಲ.

ಆಗ ವಿಧಾನಸೌಧದಲ್ಲಿ ಕುಳಿತಿದ್ದವರು ಸಿದ್ದರಾಮಯ್ಯನವರು. ಮುಖ್ಯಮಂತ್ರಿಯ ಸ್ವಂತ ಜಿಲ್ಲೆ, ಮೂರೇ ಮೂರು ಸೀಟು ಕಮ್ಮಿ. ಸಿಕ್ಕೀತು ಅಂತ ಎಲ್ಲರೂ ಲೆಕ್ಕ ಹಾಕಿದ್ದರು. ಆದದ್ದೇ ಬೇರೆ. 18 ಮತ್ತು 8 ಕೈ ಜೋಡಿಸಿದವು, 26 ಆಯಿತು. ದಳದ ನಯೀಮಾ ಸುಲ್ತಾನ ಅಧ್ಯಕ್ಷೆಯಾದರು, ಬಿಜೆಪಿಯ ಕೈಯಂಬಳ್ಳಿ ನಟರಾಜ್ ಉಪಾಧ್ಯಕ್ಷರಾದರು. ಅತಿ ಹೆಚ್ಚು ಸೀಟು ಗೆದ್ದ ಪಕ್ಷ ವಿರೋಧದ ಬೆಂಚಿಗೆ ಹೋಯಿತು.

ರಾಜ್ಯದ ಲೆಕ್ಕದಲ್ಲೂ ಗುದ್ದಾಟ ಬಿರುಸಾಗಿಯೇ ಇತ್ತು. 1,083 ಜಿಲ್ಲಾ ಪಂಚಾಯಿತಿ ಸ್ಥಾನಗಳಲ್ಲಿ ಕಾಂಗ್ರೆಸ್ 498, ಬಿಜೆಪಿ 408, ದಳ 148.

ಆ ಮೈಸೂರಿನ ಕೂಡಿಕೆಯನ್ನು ಕಂಡು ಮೂಗು ಮುರಿದವರು ಬಹಳ. ಸಿದ್ಧಾಂತ ಎಲ್ಲಿ, ತತ್ವ ಎಲ್ಲಿ ಅಂತ ಭಾಷಣಗಳಾದವು. 2018ರಲ್ಲಿ ಅದೇ ದಳ ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ಜೊತೆ ಸರ್ಕಾರ ಮಾಡಿತು. 2023ರಲ್ಲಿ ಮತ್ತೆ ಬಿಜೆಪಿಯ ಕೈ ಹಿಡಿಯಿತು. ಮೇಲಿನವರು ಏಳು ವರ್ಷ ತಡವಾಗಿ ಮಾಡಿದ್ದನ್ನು ಮೈಸೂರಿನ ಜಿಲ್ಲಾ ಪಂಚಾಯಿತಿ ಮೊದಲೇ ಮಾಡಿ ತೋರಿಸಿತ್ತು ಅನ್ನಬೇಕು. ಜಿಲ್ಲೆಯ ಫಲಿತಾಂಶ ನೋಡಿ ರಾಜ್ಯದ ಗಾಳಿ ಎತ್ತ ಬೀಸುತ್ತದೆ ಅಂತ ಹೇಳುತ್ತಿದ್ದ ಕಾಲವೊಂದಿತ್ತು. ಗಾಳಿ ನೋಡುವ ಆ ಬಾವುಟವನ್ನೇ ಈಗ ಕಿತ್ತಿಟ್ಟಿದ್ದಾರೆ.

ಯಾರನ್ನ ಕೇಳೋದು?

ಜಿಲ್ಲಾ ಪಂಚಾಯಿತಿ ಸದಸ್ಯ ಇದ್ದರೆಷ್ಟು, ಬಿಟ್ಟರೆಷ್ಟು ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲದೇ ಇಲ್ಲ. ಅಧ್ಯಕ್ಷರ ಅವಧಿ 20 ತಿಂಗಳು ಅಂತಿದ್ದ ಕಾಲದಲ್ಲಿ ಕುರ್ಚಿ ಬಿಸಿಯಾಗುವ ಮೊದಲೇ ಇನ್ನೊಬ್ಬರು ಟವೆಲ್ ಹಾಕುತ್ತಿದ್ದರು. ಸಭೆಗಳಲ್ಲಿ ಕೂಗಾಟ, ಕಂತ್ರಾಟುದಾರರ ಓಡಾಟ, ಕೋರಂ ಇಲ್ಲದೆ ಮುಂದೂಡಿದ ಸಭೆ, ಎಲ್ಲವನ್ನೂ ಜನ ನೋಡಿದ್ದಾರೆ.

ಆದರೂ ಲೆಕ್ಕ ನೋಡಿ. 1993ರ ಕಾನೂನಿನಲ್ಲಿ 40,000 ಜನಕ್ಕೊಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ, 10,000 ಜನಕ್ಕೊಬ್ಬ ತಾಲ್ಲೂಕು ಪಂಚಾಯಿತಿ ಸದಸ್ಯ ಎಂದಿತ್ತು. ಶಾಸಕರಿಗೋ, ಸುಮಾರು ಎರಡು ಲಕ್ಷ ಮತದಾರರು. ಶಾಸಕರು ಊರಿಗೆ ಬರುವುದು ಕಾರಿನಲ್ಲಿ, ಹಿಂದೆ ಮುಂದೆ ಜನ. ತಾಲ್ಲೂಕು ಪಂಚಾಯಿತಿ ಸದಸ್ಯ ಸಿಗುವುದು ಟೀ ಅಂಗಡಿಯಲ್ಲಿ, ಗೊಬ್ಬರದ ಅಂಗಡಿಯ ಕಟ್ಟೆಯಲ್ಲಿ. "ಏನಣ್ಣ, ನಮ್ಮ ಶಾಲೆ ಸೂರು ಸೋರ್ತಾನೇ ಐತಲ್ಲ" ಅಂತ ಎದುರಿಗೇ ಕೇಳಬಹುದು. ಕೇಳಿದರೆ ಆತ ಬಾಯಿ ಮುಚ್ಚಿಕೊಂಡು ಹೋಗುವಂತಿಲ್ಲ. ಮುಂದಿನ ಓಟು ಅದೇ ಕಟ್ಟೆಯಲ್ಲಿ ಕೂತಿರುತ್ತದೆ.

ಈಗ ಆ ಜಾಗದಲ್ಲಿ ಆಡಳಿತಾಧಿಕಾರಿ. ಅವರು ಕೆಟ್ಟವರು ಅಂತ ಯಾರೂ ಹೇಳುತ್ತಿಲ್ಲ. ಸದಸ್ಯರಿಗಿಂತ ಚುರುಕಾಗಿ ಕೆಲಸ ಮಾಡುವ ಅಧಿಕಾರಿಗಳೂ ಇರುತ್ತಾರೆ. ಆದರೆ ಅವರಿಗೆ ಬೇರೆ ಹತ್ತು ಜವಾಬ್ದಾರಿ, ಅದರ ಮೇಲೆ ಇದೊಂದು. ವರ್ಗಾವಣೆ ಆದೇಶ ಬಂದರೆ ಪೆಟ್ಟಿಗೆ ಕಟ್ಟಬೇಕು. ಚುಂಚನಕಟ್ಟೆಯ ದನದ ಜಾತ್ರೆಯಲ್ಲಿ ನೀರಿಲ್ಲದೆ ಎತ್ತು ಒಣಗಿ ನಿಂತರೆ ರೈತ ಯಾರ ಅಂಗಿ ಹಿಡಿದು ಜಗ್ಗಬೇಕು?

ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ, ಕೃಷಿ ಮತ್ತು ಕೈಗಾರಿಕಾ ಸಮಿತಿ ಅಂತ ಜಿಲ್ಲಾ ಪಂಚಾಯಿತಿಗೆ ಐದು ಸಮಿತಿಗಳನ್ನು ಕಾನೂನು ಕೊಟ್ಟಿದೆ. ಹಾಸ್ಟೆಲ್ಲಿನ ಅಕ್ಕಿ, ಆಸ್ಪತ್ರೆಯ ಔಷಧಿ, ಶಾಲೆಯ ಕೊಠಡಿ ಇವೆಲ್ಲ ಅಲ್ಲಿ ಚರ್ಚೆಗೆ ಬರಬೇಕು. ಸದಸ್ಯರೇ ಇಲ್ಲದ ಸಮಿತಿಯಲ್ಲಿ ಚರ್ಚೆ ಮಾಡುವವರು ಯಾರು, ಕುರ್ಚಿ ಮೇಜುಗಳೇ?

ನೀರ್ ಸಾಬರ ಕಾಲ

ಹಿರಿಯರಿಗೆ ತಾಲ್ಲೂಕು ಬೋರ್ಡು ನೆನಪಿರುತ್ತದೆ. 1959ರ ಕಾನೂನಿನಲ್ಲಿ ತಾಲ್ಲೂಕು ಬೋರ್ಡಿಗೆ ಓಟಿತ್ತು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಡಿ.ಸಿ. ಸಾಹೇಬರ ಅಧ್ಯಕ್ಷತೆಯ ಪರಿಷತ್ತು, ಅಲ್ಲಿ ಜನರ ಓಟಿಗೆ ಕೆಲಸವಿಲ್ಲ. ಅದನ್ನು ತಲೆಕೆಳಗು ಮಾಡಿದ್ದು ರಾಮಕೃಷ್ಣ ಹೆಗಡೆಯವರ ಸರ್ಕಾರ, ಮುಂದೆ ನಿಂತವರು ಪಂಚಾಯಿತಿ ಮಂತ್ರಿ ಅಬ್ದುಲ್ ನಜೀರ್ ಸಾಬರು. ಗುಂಡ್ಲುಪೇಟೆಯವರು. ಆಗ ಗುಂಡ್ಲುಪೇಟೆ ನಮ್ಮ ಜಿಲ್ಲೆಗೇ ಸೇರಿತ್ತು. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು.

1983ರ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬರುವಾಗ 1985 ಆಗಿತ್ತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ. ಹೆಂಗಸರಿಗೆ ನೂರಕ್ಕೆ 25 ಸ್ಥಾನ. ದೇಶದ ಕಾನೂನಿನಲ್ಲಿ ಮಹಿಳಾ ಮೀಸಲು ಇನ್ನೂ ಹುಟ್ಟೇ ಇರಲಿಲ್ಲ. ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಡಿ.ಸಿ.ಗಿಂತ ಹಿರಿಯ ಐ.ಎ.ಎಸ್. ಅಧಿಕಾರಿ! ಕಚೇರಿಯ ಗುಮಾಸ್ತರಿಂದ ಸಾಹೇಬರವರೆಗೆ ಯಾರಿಗೆ ಮೊದಲು ನಮಸ್ಕಾರ ಹೊಡೆಯಬೇಕು ಅಂತ ಗೊಂದಲ ಬಿದ್ದದ್ದು ಆಗಲೇ.

ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. ಸರ್ಕಾರ ಬದಲಾಯಿತು. ಆ ಪರಿಷತ್ತುಗಳ ಅವಧಿ ಮುಗಿದ ಮೇಲೆ ಚುನಾವಣೆ ಬರಲಿಲ್ಲ, ಅಧಿಕಾರಿಗಳ ದರ್ಬಾರು ಬಂತು. 1993ರಲ್ಲಿ ಸಂವಿಧಾನಕ್ಕೇ 73ನೇ ತಿದ್ದುಪಡಿ ತಂದು, ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಅಂತ ಬರೆದದ್ದು ಇಂಥ ಆಟ ನಿಲ್ಲಿಸಲಿಕ್ಕೇ. ಆಟ ನಿಂತಿತೇ?

ಅವರ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲೇ ಇದೆ. ಪಂಚಾಯಿತಿ ಸದಸ್ಯರಿಗೆ ಪಾಠ ಹೇಳಿಕೊಡುವ ಸಂಸ್ಥೆ. ಮೇಲಿನ ಎರಡು ಹಂತದ ವಿದ್ಯಾರ್ಥಿಗಳು ಮಾತ್ರ ನಾಪತ್ತೆ.

ನೆಪಗಳ ಮೂಟೆ

2021ರಲ್ಲಿ ಅವಧಿ ಮುಗಿದಾಗ ಕೊರೊನಾ ಎರಡನೇ ಅಲೆ. ಅದನ್ನು ಒಪ್ಪೋಣ. ಆದರೆ 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಗಿತ್ತಲ್ಲ, ಆಗ ರೋಗ ರಜೆ ಹಾಕಿತ್ತೇ?

ಚುನಾವಣಾ ಆಯೋಗ ಕ್ಷೇತ್ರಗಳ ಪಟ್ಟಿ ಮಾಡಿತು, ಮೀಸಲಾತಿಯ ಕರಡೂ ಬಂತು. ಬಿಜೆಪಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಆ ಕೆಲಸವನ್ನು ಆಯೋಗದಿಂದ ಕಿತ್ತುಕೊಂಡು ಬೇರೆಯೇ ಒಂದು ಸೀಮಾ ನಿರ್ಣಯ ಆಯೋಗ ಮಾಡಿತು. ಹಿಂದುಳಿದವರ ಮೀಸಲಿಗೆ ಲೆಕ್ಕ ಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಕೂತಿತು, 2022ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಮೊಕದ್ದಮೆಯಲ್ಲಿ, ಕ್ಷೇತ್ರ ವಿಂಗಡಣೆ ಬಾಕಿ ಅಂತ ಚುನಾವಣೆ ನಿಲ್ಲಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ವರ್ಷದ ಕೊನೆಗೆ ನಮ್ಮ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಹೋಗುವುದು ಯಾರ ಜೇಬಿನಿಂದ? ಸೋಪು, ಸೀಗೆಪುಡಿಗೆ ತೆರಿಗೆ ಕಟ್ಟುವವರ ಜೇಬಿನಿಂದ.

2023ರಲ್ಲಿ ಕಾಂಗ್ರೆಸ್ ಬಂತು. ವಿರೋಧದಲ್ಲಿದ್ದಾಗ ಚುನಾವಣೆ ಎಲ್ಲಿ ಅಂತ ಕೂಗಿದವರೇ ಈಗ ಅಧಿಕಾರದಲ್ಲಿ. ಹಾಗಾದರೂ 2024 ಹೋಯಿತು, 2025 ಹೋಯಿತು. ಇದೇ ಅವಧಿಯಲ್ಲಿ ವಿಧಾನಸಭೆಗೆ ಓಟಾಯಿತು, ಲೋಕಸಭೆಗೆ ಓಟಾಯಿತು. 2021ರ ಡಿಸೆಂಬರಿನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೂ ಚುನಾವಣೆ ಆಯಿತು. ಆ ಓಟು ಹಾಕಬೇಕಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೇ ಇರಲಿಲ್ಲ. ಅವರಿಲ್ಲದೆಯೇ ಮೇಲ್ಮನೆ ತುಂಬಿತು.

ಬಣ್ಣ ಬೇರೆ, ಬುದ್ಧಿ ಒಂದೇ. ತನ್ನ ಕ್ಷೇತ್ರದಲ್ಲಿ ಇನ್ನೊಬ್ಬ ನಾಯಕ ತಲೆ ಎತ್ತುವುದು ಯಾವ ಶಾಸಕರಿಗೆ ಬೇಕು? ಇವತ್ತು ಜಿಲ್ಲಾ ಪಂಚಾಯಿತಿಗೆ ಗೆದ್ದವನು ನಾಳೆ ವಿಧಾನಸಭೆಯ ಟಿಕೆಟ್ ಕೇಳುತ್ತಾನೆ. ಕಾಮಗಾರಿಯ ಗುದ್ದಲಿ ಪೂಜೆಗೆ ಒಬ್ಬರೇ ಇದ್ದರೆ ಗುದ್ದಲಿಯೂ ಒಂದೇ ಸಾಕು.

ಹೊರದೇಶದಲ್ಲಿ ಮುಂದೂಡುವುದೇ ಇಲ್ಲವೇ? ಮುಂದೂಡುತ್ತಾರೆ. ಸ್ಕಾಟ್ಲೆಂಡಿನಲ್ಲಿ 1975ರಿಂದ 53 ಜಿಲ್ಲಾ ಕೌನ್ಸಿಲುಗಳಿದ್ದವು. 1996ರಲ್ಲಿ ಅವನ್ನು ರದ್ದು ಮಾಡಿ ಹೊಸ ಕೌನ್ಸಿಲು ತಂದರು. ಹಳೆಯದು ಮುಚ್ಚುವ ಮೊದಲೇ, 1995ರಲ್ಲೇ, ಹೊಸದಕ್ಕೆ ಓಟು ನಡೆಸಿ ಸದಸ್ಯರನ್ನು ತಯಾರಾಗಿ ಕೂರಿಸಿದ್ದರು. 2007ರಲ್ಲಿ ಪಾರ್ಲಿಮೆಂಟಿಗೂ ಕೌನ್ಸಿಲಿಗೂ ಒಂದೇ ದಿನ ಓಟಿಟ್ಟು, ಜನ ತಬ್ಬಿಬ್ಬಾಗಿ ರಾಶಿ ರಾಶಿ ಮತಪತ್ರ ಕುಲಗೆಟ್ಟವು. ಮುಂದಿನ ಸಲ ಹಾಗಾಗಬಾರದು ಅಂತ 2011ರ ಕೌನ್ಸಿಲ್ ಚುನಾವಣೆಯನ್ನು 2012ಕ್ಕೆ ಹಾಕಿದರು. 2009ರಲ್ಲೇ ಕಾನೂನು ಮಾಡಿ, ವರ್ಷ ಹೇಳಿ ಹಾಕಿದರು. ಹೇಳಿದ ವರ್ಷ ಮಾಡಿಯೂ ಮಾಡಿದರು. ಒಂದು ವರ್ಷಕ್ಕೆ ಅಷ್ಟು ಲೆಕ್ಕ. ಇಲ್ಲಿ ನಾಲ್ಕು ವರ್ಷಕ್ಕೂ ಲೆಕ್ಕ ಕೊಡುವವರಿಲ್ಲ.

ಇದರಲ್ಲಿ ಹೆಚ್ಚು ಕಳೆದುಕೊಂಡವರು ಹೆಣ್ಣುಮಕ್ಕಳು. 2010ರಿಂದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರದು. ವಿಧಾನಸಭೆಯ ಟಿಕೆಟ್ ಹಂಚುವಾಗ ಹೆಂಗಸರ ಹೆಸರು ಬಂದರೆ ಮುಖಂಡರು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಜಿಲ್ಲಾ ಪಂಚಾಯಿತಿಯಲ್ಲಿ ಹಾಗೆ ನಡೆಯದು, ಕಾನೂನೇ ಕುರ್ಚಿ ಹಾಕಿ ಇಟ್ಟಿದೆ. ಗಂಡನೋ ಮೈದುನನೋ ಹಿಂದೆ ನಿಂತು ಕಾರುಬಾರು ಮಾಡುವುದುಂಟು, ನಿಜ. ಆದರೆ ಎರಡು ಮೂರು ಸಭೆ ಕಳೆಯುವಷ್ಟರಲ್ಲಿ "ನೀವು ಸುಮ್ನಿರಿ, ನಾನೇ ಕೇಳ್ತೀನಿ" ಅಂದ ಹೆಂಗಸರೂ ಇದ್ದಾರೆ. ಅಂಥವರಿಗೆ 2021ರಲ್ಲಿ ಬಾಗಿಲು ಹಾಕಿತು.

ಇನ್ನು ಹುಡುಗರು. 2016ರ ಆ ಓಟಿನ ಮಾರನೆಯ ತಿಂಗಳು ಹದಿನೆಂಟು ತುಂಬಿದವನಿಗೆ 2025 ಮುಗಿಯುವಾಗ ಇಪ್ಪತ್ತೇಳು. ಈಗಾಗಲೇ ಸಾಲಿಗ್ರಾಮದ ಬೀದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿಯನ್ನೋ ಬೇಕರಿಯನ್ನೋ ಇಟ್ಟಿರುತ್ತಾನೆ, ಮದುವೆಯೂ ಆಗಿರಬಹುದು. ಎಂ.ಎಲ್.ಎ.ಗೆ ಓಟು ಹಾಕಿದ್ದಾನೆ, ಎಂ.ಪಿ.ಗೂ ಹಾಕಿದ್ದಾನೆ. ನಿನ್ನ ಜಿಲ್ಲಾ ಪಂಚಾಯಿತಿ ಕ್ಷೇತ್ರ ಯಾವುದಪ್ಪಾ ಅಂತ ಕೇಳಿದರೆ, "ಅದ್ಯಾವ್ದಣ್ಣ?" ಅಂತಾನೆ.