ತಾರಸಿಯ ಬಿಸಿಲು ಯಾರ ಪಾಲಿಗೆ?

ನಗರಗಳ ವಸತಿ ಸಂಕೀರ್ಣಗಳಲ್ಲಿ ಮೇಲಂತಸ್ತಿನ ಮನೆಗೆ ಗಾಳಿ ಬೆಳಕಿನ ಕೀರ್ತಿಯುಂಟು. ಆದರೆ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಆ ಮನೆಯವರ ಅನುಭವವೇ ಬೇರೆ. ಹೊತ್ತು ಮುಳುಗಿದ ಮೇಲೂ ಛಾವಣಿ ಕಾದ ಕಾವಲಿಯಂತಿರುತ್ತದೆ. ಫ್ಯಾನು ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಹವಾನಿಯಂತ್ರಕವೊಂದೇ ಇದಕ್ಕೆ ಮದ್ದೆಂದು ಬಗೆದು ತಿಂಗಳು ತಿಂಗಳೂ ವಿದ್ಯುತ್ತಿಗೆ ಹಣ ಸುರಿಯುವುದು, ರೋಗದ ಮೂಲವನ್ನು ಬಿಟ್ಟು ಲಕ್ಷಣಕ್ಕೆ ಚಿಕಿತ್ಸೆ ಮಾಡಿದಂತೆ.

ಮೂಲವಿರುವುದು ಕಾಂಕ್ರೀಟಿನ ಗುಣದಲ್ಲಿ. ಅದು ಹಗಲೆಲ್ಲ ಬಿಸಿಲನ್ನು ಹೀರಿ ರಾತ್ರಿ ಮನೆಯೊಳಕ್ಕೆ ಬಿಡುತ್ತದೆ. ಬಯಲುಸೀಮೆಯ ಹಿರಿಯರು ಮಾಳಿಗೆಯ ಮೇಲೆ ದಪ್ಪನಾಗಿ ಮಣ್ಣು ಹೊದಿಸಿದರು. ಮಲೆನಾಡಿನವರು ಹೆಂಚಿನ ಕೆಳಗೆ ಅಟ್ಟವನ್ನಿರಿಸಿದರು. ಬಿಸಿಲಿಗೂ ಮನುಷ್ಯನಿಗೂ ನಡುವೆ ತಡೆಯೊಂದಿರಬೇಕೆಂಬ ಆ ವಿವೇಕವನ್ನು ಇಂದಿನ ಚಪ್ಪಡಿ ಮರೆತಿದೆ. ಮುಂಬಯಿ, ಪುಣೆಗಳಲ್ಲಿ ಸೋರದಂತೆ ಹಾಕುವ ಇಟ್ಟಿಗೆ ಚೂರಿನ ಕೋಬಾ ಕೊಂಚ ನೆರವಾದರೂ ಸಾಲದು.

ಹಾಗಾದರೆ ತಡೆ ಎಷ್ಟಿರಬೇಕು? ಒಳಹೊರಗಿನ ಉಷ್ಣತೆಯಲ್ಲಿ ಒಂದು ಡಿಗ್ರಿ ಅಂತರವಿದ್ದರೆ, 15 ಸೆಂ.ಮೀ. ದಪ್ಪದ ಬರಿಯ ಕಾಂಕ್ರೀಟ್ ಛಾವಣಿಯ ಪ್ರತಿ ಚದರ ಮೀಟರಿನಲ್ಲಿ ಸುಮಾರು 3.3 ವ್ಯಾಟ್ ಶಾಖ ಹರಿಯುತ್ತದೆ. ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಹೊರಬಂದ ಇಕೋ ನಿವಾಸ್ ಸಂಹಿತೆ ಛಾವಣಿಗೆ 1.2 ವ್ಯಾಟಿನ ಮಿತಿಯನ್ನು ಹಾಕಿದೆ. ಥರ್ಮೋಕೋಲ್ ಜಾತಿಯ ಗಟ್ಟಿ ಹಲಗೆ 2 ಸೆಂ.ಮೀ. ಇದ್ದರೆ ಈ ಮಿತಿ ದಕ್ಕುತ್ತದೆ. 5 ಸೆಂ.ಮೀ. ಇದ್ದರೆ ಶಾಖ ಸುಮಾರು 0.6ಕ್ಕೆ ಇಳಿಯುತ್ತದೆ. ಅದನ್ನು 10 ಸೆಂ.ಮೀ.ಗೆ ಏರಿಸಿದರೆ ಮತ್ತೆ ಉಳಿಯುವುದು 0.3 ಮಾತ್ರ. ಮೊದಲ ಪದರವೇ ಹೆಚ್ಚು ಫಲ ಕೊಡುತ್ತದೆ. ದಪ್ಪ ಹೆಚ್ಚಿದಂತೆ ಖರ್ಚು ಬೆಳೆಯುತ್ತದೆ, ಫಲ ಬೆಳೆಯದು. ದೆಹಲಿ, ಹೈದರಾಬಾದುಗಳ ಉಗ್ರ ಬಿಸಿಲಿಗೂ 5 ಸೆಂ.ಮೀ. ಧಾರಾಳ. ಮಿಕ್ಕ ಹಣವನ್ನು ಪಶ್ಚಿಮದ ಕಿಟಕಿಗೆ ನೆರಳು ಮಾಡಲು ಬಳಸುವುದು ಜಾಣತನ.

ಹಲಗೆಯನ್ನು ಚಪ್ಪಡಿಯ ಮೇಲುಗಡೆ ಹಾಸಿ ಗಾರೆಯಿಂದ ಮುಚ್ಚಬೇಕು. ಒಳಗೆ ಅಂಟಿಸಿದರೆ ಕಾಂಕ್ರೀಟು ಕಾಯುವುದು ತಪ್ಪದು, ಬೆಂಕಿಯ ಭಯವೂ ಉಂಟು. ಮೇಲೆ ಬಿಳಿಯ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ. ತೆಲಂಗಾಣ ಸರ್ಕಾರವು 2023ರಲ್ಲಿ ತಂಪು ಛಾವಣಿಗಳಿಗಾಗಿಯೇ ನೀತಿಯೊಂದನ್ನು ಪ್ರಕಟಿಸಿತು. ಆದರೆ ಧೂಳು ಕುಳಿತ ಬಿಳುಪು ಕೆಲಸ ಮಾಡದು, ಆಗಾಗ ತೊಳೆಯಬೇಕು.

ಇನ್ನುಳಿದ ಪ್ರಶ್ನೆ ಖರ್ಚಿನದು. ಸಂಘದ ಸಭೆಗಳಲ್ಲಿ ‘ಸೆಕೆ ಮೇಲಿನವರದು, ಹಣ ನಮ್ಮದೇಕೆ?’ ಎಂಬ ಮಾತು ಕೇಳಿಬರುವುದು ಸಹಜ. ಈ ವಾದದಲ್ಲಿ ನ್ಯಾಯವಿಲ್ಲ. ತಾರಸಿ ಎಲ್ಲರ ಸೊತ್ತು. ಹಪ್ಪಳ ಒಣಗಿಸಲು, ಹಬ್ಬ ಆಚರಿಸಲು ಎಲ್ಲರಿಗೂ ಹಕ್ಕಿರುವಾಗ ಅದರ ಕಾವು ಮಾತ್ರ ಒಬ್ಬರ ಪಾಲಿಗೆ ಬರಲಾಗದು. ಮೇಲಂತಸ್ತಿನವರು ಬಿಸಿಲನ್ನು ತಾಳಿಕೊಳ್ಳುವುದರಿಂದಲೇ ಕೆಳಗಿನವರಿಗೆ ತಂಪು. ಹಗಲಿನ ಬೇಗೆಯಿಂದ ದೇಹ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಅದು ದೊರೆಯದಿದ್ದರೆ ವೃದ್ಧರಿಗೂ, ಹಸುಗೂಸುಗಳಿಗೂ, ಹೃದ್ರೋಗಿಗಳಿಗೂ ಆಗುವ ಅಪಾಯವನ್ನು ವಿದ್ಯುತ್ ಬಿಲ್ಲಿನಲ್ಲಿ ಅಳೆಯಲಾಗದು.

ಸೋರುವಿಕೆಯ ದುರಸ್ತಿಗೆ ಸಂಘಗಳು ಹೇಗೂ ತಾರಸಿಯನ್ನು ಅಗೆಯುತ್ತವೆ. ಶಾಖದ ತಡೆಯನ್ನು ಆಗಲೇ ಹಾಸಿದರೆ ಕೂಲಿಯ ಹೆಚ್ಚಿನ ಪಾಲು ಉಳಿಯುತ್ತದೆ. ಮಳೆಯಿಂದ ಮನೆಯನ್ನು ಕಾಯುವುದು ಸಂಘದ ಕರ್ತವ್ಯವಾದರೆ, ಬಿಸಿಲಿನಿಂದ ಕಾಯುವುದೂ ಅದೇ ಕರ್ತವ್ಯದ ಇನ್ನೊಂದು ಭಾಗ.