ಆಟ ಯಾರದು?

ಕ್ರಿಕೆಟ್ ಎಂದರೆ ನಮಗೆಲ್ಲ ಇಷ್ಟ. ಜೋಳ ಕೊಯ್ದ ಹೊಲವೇ ನಮಗೆ ಮೈದಾನ. ನೆಟ್ಟ ಮೂರು ಕೋಲುಗಳೇ ವಿಕೆಟ್. ಈ ಆಟದಲ್ಲಿ ಬಡವ, ಬಲ್ಲಿದ ಎಂಬ ಭೇದವಿಲ್ಲ ಎಂದು ನಾವು ತಿಳಿದಿದ್ದೇವೆ. ಆದರೆ ಕ್ರಿಕೆಟಿನ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ.

ಕ್ರಿಕೆಟ್ ಬೆಳೆದುದು ಇಂಗ್ಲೆಂಡಿನಲ್ಲಿ. ಅಲ್ಲಿ ಆಟಗಾರರಲ್ಲಿ ಎರಡು ವರ್ಗಗಳಿದ್ದವು. ಸಿರಿವಂತರ ಮನೆಯವರು ಸಂಬಳವಿಲ್ಲದೆ ಆಡುತ್ತಿದ್ದರು. ಅವರಿಗೆ ‘ಜಂಟಲ್‌ಮನ್’ ಎಂಬ ಹೆಸರು. ಹೊಟ್ಟೆಪಾಡಿಗಾಗಿ ಸಂಬಳ ಪಡೆದು ಆಡುವವರು ಬರೀ ‘ಪ್ಲೇಯರ್’. ಇಬ್ಬರೂ ಒಂದೇ ತಂಡದಲ್ಲಿ ಆಡುತ್ತಿದ್ದರು. ಆದರೂ ಅನೇಕ ಮೈದಾನಗಳಲ್ಲಿ ಅವರು ಬಟ್ಟೆ ಬದಲಿಸುವ ಕೋಣೆ ಬೇರೆ, ಆಡಲು ಇಳಿಯುವ ಬಾಗಿಲು ಬೇರೆ. ನಾಯಕನ ಪಟ್ಟ ಸಾಮಾನ್ಯವಾಗಿ ಜಂಟಲ್‌ಮನ್‌ಗೇ ಮೀಸಲು. 1952ರಲ್ಲಿ ಸಂಬಳದ ಆಟಗಾರರಾದ ಲೆನ್ ಹಟನ್ ಇಂಗ್ಲೆಂಡ್ ತಂಡದ ನಾಯಕರಾದಾಗ ಅದು ದೊಡ್ಡ ಸುದ್ದಿಯಾಯಿತು.

ಈ ಭೇದಕ್ಕೂ ಆಟದ ಅವಧಿಗೂ ಸಂಬಂಧವಿದೆ. ಅಲ್ಲಿನ ಕೌಂಟಿ ಪಂದ್ಯಗಳು ಮೂರು ದಿನ ನಡೆಯುತ್ತಿದ್ದವು. ಮೂರು ದಿನ ಕೆಲಸ ಬಿಟ್ಟರೆ ದುಡಿಯುವವನ ಮನೆಯಲ್ಲಿ ಒಲೆ ಹೊತ್ತುವುದು ಹೇಗೆ? ಸಂಬಳವಿಲ್ಲದೆ ಅವನು ಆಡಲಾರ. ಕೂಲಿ ಬಿಟ್ಟು ನೋಡಲೂ ಹೋಗಲಾರ. ಬಿಡುವು ಎಂಬುದೂ ಒಂದು ಸಂಪತ್ತೇ. ಅದು ಎಲ್ಲರ ಬಳಿ ಇರುವುದಿಲ್ಲ.

ಕಾಲ ಬದಲಾಯಿತು. ಪಂದ್ಯ ನೋಡಲು ಬರುವವರು ಕಡಿಮೆಯಾದರು. ಹೊಸ ದಾರಿ ಹುಡುಕಲೇಬೇಕಾಯಿತು. 1962ರಲ್ಲಿ ಜಂಟಲ್‌ಮನ್, ಪ್ಲೇಯರ್ ಎಂಬ ಭೇದವನ್ನು ತೆಗೆದುಹಾಕಲಾಯಿತು. ಮರುವರ್ಷವೇ, ಎಂದರೆ 1963ರಲ್ಲಿ, ಕೌಂಟಿಗಳ ನಡುವೆ ಒಂದೇ ದಿನದಲ್ಲಿ ಮುಗಿಯುವ ಪಂದ್ಯಾವಳಿ ಆರಂಭವಾಯಿತು. 2003ರಲ್ಲಿ ಇಪ್ಪತ್ತು ಓವರುಗಳ ಆಟ ಬಂದಿತು. ಅದು ಸುಮಾರು ಮೂರು ಗಂಟೆಯ ಆಟ. ಕೆಲಸ ಮುಗಿಸಿದ ದೊಡ್ಡವರೂ ಶಾಲೆ ಮುಗಿಸಿದ ಮಕ್ಕಳೂ ಸಂಜೆ ಹೋಗಿ ಅದನ್ನು ನೋಡಬಹುದಾಗಿತ್ತು.

ನಮ್ಮ ದೇಶದಲ್ಲಿ 2008ರಲ್ಲಿ ಐಪಿಎಲ್ ಶುರುವಾಯಿತು. ತಂಡಗಳಿಗೆ ಹೊಸ ಹೊಸ ಆಟಗಾರರು ಬೇಕಾದರು. ತಮಿಳುನಾಡಿನ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿ ಎಂಬ ಹಳ್ಳಿಯ ಟಿ. ನಟರಾಜನ್ ಅವರನ್ನು 2017ರಲ್ಲಿ ಒಂದು ತಂಡ ಮೂರು ಕೋಟಿ ರೂಪಾಯಿಗೆ ಸೇರಿಸಿಕೊಂಡಿತು. ಅವರ ತಂದೆ ದಿನಗೂಲಿಯ ನೇಕಾರರು. ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದ ಈ ಹುಡುಗ 2020ರಲ್ಲಿ ಭಾರತದ ಪರವಾಗಿ ಆಡಿದರು.

ಹಾಗಾದರೆ ಆಟ ಚಿಕ್ಕದಾದರೆ ಭೇದವೂ ತಾನಾಗಿ ಅಳಿಯುವುದೇ? ಇಲ್ಲ ಎಂದೇ ನನ್ನ ಅಭಿಪ್ರಾಯ. ಇದಕ್ಕೆ ಪಾಲ್ವಣಕರ್ ಬಾಳೂ ಅವರ ಬದುಕೇ ಸಾಕ್ಷಿ. ಅವರು ಹುಟ್ಟಿದ್ದು ಧಾರವಾಡದಲ್ಲಿ, ಆಡಿ ಬೆಳೆದದ್ದು ಪುಣೆಯಲ್ಲಿ. ಅಲ್ಲಿನ ಕ್ಲಬ್ಬಿನಲ್ಲಿ ಪಿಚ್ ಸಮಮಾಡುವ ಕೆಲಸ ಮಾಡುತ್ತಲೇ ಅವರು ಶ್ರೇಷ್ಠ ಸ್ಪಿನ್ ಬೌಲರ್ ಆದರು. ಆದರೆ ಅಂದಿನ ಸಮಾಜ ಅವರ ಜಾತಿಯನ್ನು ಅಸ್ಪೃಶ್ಯವೆಂದು ಎಣಿಸಿತ್ತು. ಮೈದಾನದಲ್ಲಿ ಅವರು ಎಸೆದ ಚೆಂಡನ್ನು ಜೊತೆಗಾರರೆಲ್ಲ ಮುಟ್ಟುತ್ತಿದ್ದರು. ಚಹಾದ ವೇಳೆಗೆ ಮಾತ್ರ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ಮುಂದೆ 1923ರಲ್ಲಿ ಅವರ ತಮ್ಮ ವಿಠ್ಠಲ ಹಿಂದೂ ತಂಡದ ನಾಯಕರಾದರು. ಓವರುಗಳು ಕಡಿಮೆಯಾದ ಕಾರಣಕ್ಕೆ ಅವರಿಗೆ ಈ ಗೌರವ ಸಿಗಲಿಲ್ಲ. ಅನ್ಯಾಯವನ್ನು ಅವರು ಪ್ರಶ್ನಿಸಿದರು, ಜನರ ಮನಸ್ಸು ತುಸು ಬದಲಾಯಿತು. ಅದರಿಂದ ಸಿಕ್ಕಿತು.

ಇಂದಿಗೂ ಒಳ್ಳೆಯ ಬ್ಯಾಟು, ಪ್ಯಾಡು, ತರಬೇತಿ ಎಲ್ಲಕ್ಕೂ ಹಣ ಬೇಕು. ಅಷ್ಟು ದೂರ ಏಕೆ? ನಮ್ಮ ಶಾಲೆಯ ಬಯಲನ್ನೇ ನೋಡಿರಿ. ಬ್ಯಾಟು ತಂದವನೇ ಮೊದಲು ಆಡುತ್ತಾನೆ. ಔಟಾದರೆ ಒಪ್ಪುವುದಿಲ್ಲ. ಸಿಟ್ಟು ಬಂದರೆ ಬ್ಯಾಟು ಎತ್ತಿಕೊಂಡು ಮನೆಗೆ ಹೊರಡುತ್ತಾನೆ. ಬ್ಯಾಟಿಲ್ಲದ ಗೆಳೆಯ ಬಿಸಿಲಿನಲ್ಲಿ ಮುಳ್ಳುಬೇಲಿಯ ಆಚೆಯಿಂದ ಚೆಂಡು ಹೆಕ್ಕಿ ತರುತ್ತಾನೆ. ಅವನ ಸರದಿ ಬರುವ ಮೊದಲೇ ಗಂಟೆ ಬಾರಿಸುತ್ತದೆ. ಇದೂ ಜಂಟಲ್‌ಮನ್, ಪ್ಲೇಯರ್ ಭೇದವೇ ಅಲ್ಲವೇ?

“ಬ್ಯಾಟು ನನ್ನದು, ನಾನು ಹೇಳಿದಂತೆ ಆಟ” ಎಂದು ಕೆಲವರು ವಾದಿಸುತ್ತಾರೆ. ಬ್ಯಾಟು ಅವರದು, ನಿಜ. ಆದರೆ ಬೌಲ್ ಮಾಡುವವರು, ಚೆಂಡು ತಡೆಯುವವರು ಇಲ್ಲದಿದ್ದರೆ ಬ್ಯಾಟು ಬರೀ ಮರದ ತುಂಡು. ಬ್ಯಾಟು ಒಬ್ಬರದಾದರೂ ಆಟ ಎಲ್ಲರದು.

ಆದ್ದರಿಂದ ಚೀಟಿ ಎತ್ತಿ ಸರದಿ ಗೊತ್ತುಮಾಡೋಣ. ಚೆಂಡು ತರುವ ಕೆಲಸವನ್ನು ಎಲ್ಲರೂ ಹಂಚಿಕೊಳ್ಳೋಣ. ಶಾಲೆಗೆ ಒಂದು ಬ್ಯಾಟು ಕೊಡಿಸಿರಿ ಎಂದು ಗುರುಗಳನ್ನು ಕೇಳೋಣ. ಆಟ ಐದು ದಿನದ್ದಾಗಲಿ, ಐದು ಓವರಿನದಾಗಲಿ, ಎಲ್ಲರಿಗೂ ಸರದಿ ಸಿಕ್ಕಾಗಲೇ ಅದು ನಿಜವಾದ ಆಟ.